ಅಕ್ಕನಿಗೆಂದು ಇಟ್ಟ ನೀರು

ನನ್ನ ಅಕ್ಕನಷ್ಟು ಅಪಾಯಕಾರಿ ಅತಿಥಿ ಇಡೀ ಸೊಲ್ಲಾಪುರ ಜಿಲ್ಲೆಯಲ್ಲೇ ಇಲ್ಲ! ಬೇರೆಯವರು ಮನೆಗೆ ಬಂದರೆ ಚಹಾ ಕುಡಿಯುತ್ತಾರೆ. ಆಕೆ ಬಂದರೆ ನೀರಿನ ಬ್ಯಾರಲ್ಲಿನ ಮುಚ್ಚಳ ತೆಗೆಯುತ್ತಾಳೆ. "ಹೆಂಗದೀರಿ?" ಎಂಬ ಮಾತಿಲ್ಲ. ಸೀದಾ ಹಿತ್ತಿಲು, ಕೈಯಲ್ಲಿ ಹಾಡುಹಗಲೇ ಹೊತ್ತಿಸಿದ ಟಾರ್ಚು, "ಹುಳಾ ಅದಾವೇನು?"

ಆಕೆ ಆಶಾ ಕಾರ್ಯಕರ್ತೆ. ಡೆಂಗ್ಯೂ ಜೋರಾದಾಗ ಅಕ್ಕಲಕೋಟ ರಸ್ತೆಯ ನಮ್ಮ ಓಣಿ ಆಕೆಯ ಪಾಲಿಗೆ ಬಂತು. ಮಂಗಳವಾರಕ್ಕೊಮ್ಮೆ ತಪಾಸಣೆ. ನೋಡಿ ಮುಗಿಸಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು. ನಮ್ಮ ಗೋಡೆಗೆ ಮಾತ್ರ ತಾರೀಖಿನ ಕೆಳಗೊಂದು ಷರಾ: "ಕೂಲರ್ ತೊಳೆದಿಲ್ಲ." ಅದೂ ಮರಾಠಿಯಲ್ಲಿ, ಓಣಿಗೆಲ್ಲ ತಿಳಿಯಲೆಂದು! ತಮ್ಮನ ಮರ್ಯಾದೆ ಅನ್ನುವುದೊಂದು ಬೇಡವೇ?

ನಮ್ಮಲ್ಲಿ ನಳಕ್ಕೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಎದುರುಮನೆ ಕಾಕು ಬ್ಯಾರಲ್ಲಿಗೆ ಅಡ್ಡ ನಿಂತರು.

"ಇದನ್ನ ಚೆಲ್ಲಿ ನಾವೇನ ಬಾಯಿ ಒಣಗಿಸಿಕೊಂಡು ಕುಂಡ್ರೂಣೇನ್ರಿ?"

"ಚೆಲ್ಲಬ್ಯಾಡ್ರಿ ಕಾಕು. ಅರಬಿಲೆ ಸೋಸಿ ಕೊಡಕ್ಕ ಹಾಕ್ರಿ. ಬ್ಯಾರಲ್ ತಿಕ್ಕಿ, ಮತ್ತ ಅದ ನೀರ ಸುರುವ್ರಿ."

"ತಿಕ್ಕಾವ್ರ ಯಾರು?"

ಅಕ್ಕ ಸೆರಗು ಸಿಕ್ಕಿಸಿ ತಾನೇ ಬ್ಯಾರಲ್ಲಿನೊಳಗೆ ಅರ್ಧ ಇಳಿದಳು. ಸೊಳ್ಳೆಯ ಜನ್ಮವೃತ್ತಾಂತವೆಲ್ಲ ಒಳಗಿನಿಂದಲೇ ಕೇಳಿಬಂತು! ಅಂದಿನಿಂದ ಕಾಕು ತಾವೇ ತಿಕ್ಕತೊಡಗಿದರು. ಮತ್ತೊಮ್ಮೆ ಆ ಭಾಷಣ ಕೇಳುವುದಕ್ಕಿಂತ ಅದೇ ಸುಲಭ.

ಮಂದ್ರೂಪದಲ್ಲಿ ಸೋದರಮಾವನ ಮಗಳ ಮದುವೆ. ಎಲ್ಲರೂ ಸೀರೆ ಕೊಟ್ಟರು. ಅಕ್ಕ ಕೊಟ್ಟದ್ದು ಪ್ಲಾಸ್ಟಿಕ್ ಚೀಲದ ನೀರಲ್ಲಿ ಐದು ಗಪ್ಪಿ ಮೀನು! "ನೀರಿನ ಹೌದಿನ್ಯಾಗ ಬಿಡವಾ. ಹುಳಾ ತಿಂತಾವ, ಬಾಯಿ ಮಾಡೂದಿಲ್ಲ. ನಿನ್ನ ಗಂಡಗಿಂತ ಪಾಡ." ವರಮಹಾಶಯ ಊಟದವರೆಗೂ ನಗಲಿಲ್ಲ.

ನಮ್ಮ ಹೌದಿಗೂ, ಅಂದರೆ ನೀರಿನ ತೊಟ್ಟಿಗೂ, ಗಪ್ಪಿ ಬಂದವು. ನಾನೋ ಸೊಳ್ಳೆ ಗುಂಯ್ ಎಂದರೆ ಥರ್ಮಾಮೀಟರ್ ಹುಡುಕುವವನು. ಮೀನುಗಳ ಮೇಲೆ ಅಷ್ಟು ಭರವಸೆ ಸಾಲದೆ, ಒಂದು ದಿನ ಹೌದಿಗೆ ಬ್ಲೀಚಿಂಗ್ ಪೌಡರ್ ಸುರಿದೆ. ಮಂಗಳವಾರ ಅಕ್ಕ ತೇಲುವ ಮೀನುಗಳನ್ನು ನೋಡಿದಳು, ನನ್ನನ್ನೂ ನೋಡಿದಳು. "ನಿನ್ನ ಅಂಜಿಕಿಗೆ ಸೊಳ್ಳಿ ಸಾಯೂದಿಲ್ಲೋ ಹುಚ್ಚಾ, ಮೀನ ಸಾಯ್ತಾವ!"

ಅವ್ವ ಹೋದಮೇಲೆ ನನ್ನನ್ನು ಹಾಗೆ ಬೈಯಲು ಉಳಿದವಳು ಆಕೆಯೊಬ್ಬಳೇ.

ಆಮೇಲೆ ಆಕೆಗೆ ಹೋಟಗಿ ಕಡೆಯ ಮನೆಗಳನ್ನು ಕೊಟ್ಟರು. ನಮ್ಮ ಓಣಿಗೆ ಹೊಸ ಕಾರ್ಯಕರ್ತೆ. ಬಹಳ ಸಭ್ಯಳು, ಕ್ಷೇಮ ಕೇಳುತ್ತಾಳೆ, ಗೋಡೆಗೆ ಬರೀ ತಾರೀಖು ಬರೆಯುತ್ತಾಳೆ. ಓದಲು ಏನಿದೆ ಅದರಲ್ಲಿ? ಆದರೂ ಮಂಗಳವಾರ ಗೇಟು ಸದ್ದಾದರೆ ಸಾಕು, ನನ್ನ ಕಾಲು ತಾನಾಗಿ ಕೂಲರಿನ ಕಡೆಗೆ ಓಡುತ್ತಿತ್ತು. ಕಡೆಗೆ ಫೋನು ಮಾಡಿದೆ.

"ಅಕ್ಕಾ, ಒಮ್ಮೆ ಬಂದ್ ಹೋಗ."

"ಸುಮ್‌ಸುಮ್ನ ಬರಾಕ ಪುರಸೊತ್ತಿಲ್ಲೋ ತಮ್ಮಾ. ಇಲ್ಲೆ ಜ್ವರದ ಮನಿ ಭಾಳ ಅದಾವ. ಹುಳಾ ಆದ್ರ ಹೇಳು, ಓಡಿ ಬರ್ತೀನಿ."

ಹುಳ ತಾನೇ? ತೆಂಗಿನ ಚಿಪ್ಪಿಗೆ ನೀರು ತುಂಬಿ ಗೇಟಿನ ಮೂಲೆಯಲ್ಲಿಟ್ಟೆ. ಹೌದು, ನಾನೇ! ಎಂಟನೆಯ ದಿನ ಫೋನು: "ಅಕ್ಕಾ, ಹುಳಾ ಆಗ್ಯಾವ."

ಮಧ್ಯಾಹ್ನದ ಬಸ್ಸಿಗೇ ಬಂದಳು. ಚಿಪ್ಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಟಾರ್ಚಿನ ಬೆಳಕು ಬಿಟ್ಟಳು. ನೀರು ತಿಳಿಯಾಗಿ ಹೊಳೆಯಿತು.

"ಎಷ್ಟ ದಿನದ ನೀರೋ ಇದು?"

"ಇವತ್ತಿಂದು."

"ನಿನ್ನಿದು?"

"ಚೆಲ್ಲಿದೆ. ಯಾರಿಗರೆ ಜ್ವರಾ ಬಂದ್ರ ಅಂತ…"

"ಮೊನ್ನಿದು?"

ಎಂಟು ದಿನವೂ ಬೆಳಗಾದರೆ ಹೆದರಿ ಚೆಲ್ಲಿದ್ದೆ, ತಿಕ್ಕಿ ಹೊಸ ನೀರು ತುಂಬಿದ್ದೆ.

ಬೈಗುಳಕ್ಕೆ ಕಾದೆ. ಆಕೆ ಟಾರ್ಚು ಆರಿಸಿ ಮೆಟ್ಟಿಲ ಮೇಲೆ ಕುಳಿತಳು. "ಚಾ ಮಾಡಾಕ ಹೇಳು," ಎಂದಳು. ನಮ್ಮ ಮನೆಯಲ್ಲಿ ಆಕೆ ಕೂತು ಚಹಾ ಕುಡಿದದ್ದು ಅದೇ ಮೊದಲು. ಹೋಟಗಿಯ ಜ್ವರ ಈಗ ಇಳಿಯುತ್ತಿದೆಯಂತೆ. ಮೊಣಕಾಲು ನೋಯುತ್ತವಂತೆ. ನಾನು ಈ ಮೊದಲು ಕೇಳಿಯೇ ಇರಲಿಲ್ಲ.

ಹೊರಡುವಾಗ ಚೀಲದಿಂದ ಸೀಮೆಸುಣ್ಣ ತೆಗೆದು, ಈಗ ತನ್ನದಲ್ಲದ ಗೋಡೆಯ ಮೇಲೆ ಏನೋ ಗೀಚಿದಳು. ಬಸ್ಸು ಹತ್ತಿಸಿ ಬಂದು ನೋಡಿದೆ. ಈ ಸಲ ಕನ್ನಡದಲ್ಲಿತ್ತು. ಓಣಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಓದುವವನು ನಾನೊಬ್ಬನೇ.

"ಮಂಗಳವಾರ ಬರ್ತೀನಿ. ನೀರ ಇಡಬ್ಯಾಡ."