ಪೂಜೆಗೆ ಕೂತ ಬ್ರೇಕ್ ರಬ್ಬರು

ದಿನಾ ಬೆಳಿಗ್ಗೆ ಮಿಂದು, ದೇವರಿಗೆ ಕೈಮುಗಿದು, ಆಮೇಲೇ ಗಾಡಿ ಕೀ ಮುಟ್ಟುವವನು ನಾನು. ಆದರೂ ಹುಣಸೂರಿನ ವ್ಯಾನ್ ಸ್ಟ್ಯಾಂಡಿನಲ್ಲಿ ನಗೆಪಾಟಲಾಗುವ ಸರದಿ ಬಂದಾಗಲೆಲ್ಲ ಅದು ನನ್ನ ಪಾಲಿಗೇ ಬೀಳುತ್ತಿತ್ತು. ತಪ್ಪು ದೇವರದಲ್ಲ. ನನ್ನೊಳಗೆ ಸಣ್ಣದೊಂದು ಹೊಟ್ಟೆಕಿಚ್ಚಿತ್ತು, ಅದೂ ಪಕ್ಕದ ವ್ಯಾನಿನ ಬ್ರೇಕ್ ಪೆಡಲ್ಲಿಗೆ ತೊಡಿಸಿದ ರಬ್ಬರಿನ ಮೇಲೆ.

೧. ಬೋಳು ಬ್ರೇಕು

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಬೀದಿಯ ಭಜನಾ ಮಂಡಳಿಯ ಹನ್ನೆರಡು ಹೆಂಗಸರನ್ನು ತಿಂಗಳ ಮೊದಲ ಶನಿವಾರ ಸಾಲಿಗ್ರಾಮದ ದೇವಸ್ಥಾನಕ್ಕೆ ಕರೆದೊಯ್ಯುವ ಭಾಗ್ಯ ನನ್ನದಾಗಿತ್ತು. ಅದನ್ನು ನಾನು ಬಾಡಿಗೆ ಅಂದುಕೊಂಡವನೇ ಅಲ್ಲ, ಸೇವೆ ಅಂತಲೇ ನಂಬಿದ್ದೆ. ಮಂಡಳಿಗೆ ಹಿರಿಯರು ರಿಟೈರಾದ ಒಬ್ಬ ಟೀಚರಮ್ಮ. ಅವರಿಗೆ ಮುಂದಿನ ಸೀಟೇ ಆಗಬೇಕು.

ಒಂದು ಶನಿವಾರ ಕೆ.ಆರ್. ನಗರದ ರಸ್ತೆಯಲ್ಲಿ ಜಿಟಿಜಿಟಿ ಮಳೆ. ಎದುರಿಗೆ ಕಬ್ಬು ಹೇರಿದ ಎತ್ತಿನಗಾಡಿ ಅಡ್ಡ ಬಂತು. ಬ್ರೇಕ್ ಒತ್ತಿದರೆ ನನ್ನ ಬರಿಗಾಲು ಜಾರಿತು. ಎರಡನೇ ಸಲ ಒತ್ತಿದಾಗ ಗಾಡಿ ನಿಂತಿತು, ಎತ್ತಿನ ಬಾಲ ಗಾಜಿಗೆ ತಾಗುವಷ್ಟು ಹತ್ತಿರದಲ್ಲಿ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಕೆಳಗೆ ಬಗ್ಗಿ ನೋಡಿದರು.

"ಇದೇನ್ರೀ, ಬ್ರೇಕು ಬೋಳಾಗಿದೆ?"

"ರಬ್ಬರು ಸವೆದೋಗದೆ. ದೇವ್ರವ್ನೆ ಬುಡಿ ಟೀಚರಮ್ಮ."

"ದೇವರಿದ್ದಾನೆ, ಅದು ಗೊತ್ತು. ರಬ್ಬರಿಲ್ಲವಲ್ಲ. ಪಕ್ಕದ ವ್ಯಾನಿನವರು ನೋಡಿ, ಗೆರೆ ಗೆರೆ ಇರೋ ಹೊಸದು ಹಾಕ್ಸಿದ್ದಾರೆ. ಮುಂದಿನ ತಿಂಗಳು ನೀವೂ ಹಾಕ್ಸಿದ್ರೆ ಬನ್ನಿ, ಇಲ್ದಿದ್ರೆ ಅವರನ್ನೇ ಕರೀತೀನಿ."

೨. ಯಾರಿಗೆ ಚಪ್ಪಲಿ

ಗಾಡಿ ಲಕ್ಷ್ಮಿಯಲ್ಲವೇ? ಅದಕ್ಕೇ ನಾನು ಬರಿಗಾಲಲ್ಲೇ ಓಡಿಸುತ್ತಿದ್ದೆ. ಹತ್ತುವವರಿಗೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ ಎನ್ನುತ್ತಿದ್ದೆ. ಪಕ್ಕದ ವ್ಯಾನಿನವನು ನನಗಿಂತ ಹತ್ತು ವರ್ಷ ಚಿಕ್ಕವನು. ಬೂಟು ಹಾಕಿಕೊಂಡು ಓಡಿಸುತ್ತಿದ್ದ. ಬೆಳಿಗ್ಗೆ ನಾನು ದೇವರ ಪಟ ಒರೆಸುವ ಹೊತ್ತಿಗೆ ಅವನು ಹಳೇ ಬ್ರಷ್ಷು, ಸೋಪು ಹಿಡಿದು ಪೆಡಲ್ ರಬ್ಬರು ಉಜ್ಜುತ್ತಿದ್ದ. ಬೂಟಿನವನ ರಬ್ಬರು ಮಿರಮಿರ, ಬರಿಗಾಲಿನವನದು ಬೋಳು. ಇದ್ಯಾವ ನ್ಯಾಯ ಎಂದು ದೇವರನ್ನೇ ಮೆಲ್ಲಗೆ ಕೇಳಿದ್ದುಂಟು.

ನನ್ನ ಹಳೇ ಮಾಡೆಲ್ಲಿನ ರಬ್ಬರು ಹುಣಸೂರಲ್ಲಿ ಸಿಗಲಿಲ್ಲ, ಪಿರಿಯಾಪಟ್ಟಣದಲ್ಲೂ ಇಲ್ಲ. ಮೈಸೂರಿನಿಂದ ಬರುವ ತನಕ ಇರಲಿ ಎಂದು ಹಳೇ ಹವಾಯಿ ಚಪ್ಪಲಿಯನ್ನು ಅಳತೆಗೆ ಕತ್ತರಿಸಿ, ಸೈಕಲ್ ಟ್ಯೂಬಿನಿಂದ ಬ್ರೇಕಿಗೆ ಬಿಗಿದೆ. ಆವತ್ತು ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಎಂದಿನಂತೆ ಚಪ್ಪಲಿ ಕೈಯಲ್ಲಿ ಹಿಡಿದು ಮುಂದಿನ ಸೀಟಿಗೆ ಹತ್ತಿತು. ನನ್ನ ಕಾಲ ಬುಡವನ್ನೇ ದಿಟ್ಟಿಸಿತು. ತನ್ನ ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡಿತು.

"ಇದೇನಜ್ಜಿ?"

"ನಿನ್ ಬ್ರೇಕೇ ಚಪ್ಪಲಿ ಮೆಟ್ಕಂಡದೆ ಕಣಪ್ಪ. ನಂದೇನು ಪಾಪ?"

೩. ಅಡ್ಡಬಿದ್ದದ್ದು

ಕಡೇಪಕ್ಷ ಅವನ ರಬ್ಬರು ಹೇಗಿದೆ ಎಂದು ಕೈಯಿಂದ ಮುಟ್ಟಿ ನೋಡುವ ಆಸೆಯಾಯಿತು. ಅವನು ಟೀ ಕುಡಿಯಲು ಹೋದಾಗ ಅವನ ವ್ಯಾನಿನ ಬಾಗಿಲು ತೆಗೆದು ಒಳಗೆ ಬಗ್ಗಿದೆ. ಎಂಥ ಒತ್ತಾದ ಗೆರೆ, ಎಂಥ ಹಿಡಿತ! ಹೊಟ್ಟೆಯಲ್ಲಿ ಉರಿ ಎದ್ದಿತು. ಅಷ್ಟರಲ್ಲಿ ಬೆನ್ನ ಹಿಂದೆ ಅವನೇ.

"ಏನಣ್ಣೋ, ನಮ್ ಬ್ರೇಕ್‌ಗೆ ಅಡ್ಡಬೀಳ್ತಿದ್ದೀರಾ?"

ಹೊಟ್ಟೆಕಿಚ್ಚು ಅಂತ ಹೇಳಲು ನಾಚಿಕೆ, ಸುಳ್ಳು ಹೇಳಲು ಭಯ. ಅವನ ಮಾತು ಸುಳ್ಳಾಗದಿರಲಿ ಎಂದು ನಿಜವಾಗಿಯೂ ಕೈಜೋಡಿಸಿ ಬ್ರೇಕಿಗೆ ಹಣೆ ಮುಟ್ಟಿಸಿಬಿಟ್ಟೆ. ಅವನ ಕಣ್ಣು ಒದ್ದೆಯಾಯಿತು. ಸಂಜೆಯೊಳಗೆ ಸ್ಟ್ಯಾಂಡಿಗೆಲ್ಲ ಅವನೇ ಸುದ್ದಿ ಹಬ್ಬಿಸಿದ: "ಅಂಥಾ ದೈವಭಕ್ತರೇ ಅಡ್ಡಬಿದ್ದ ಗಾಡಿ ಕಣ್ಲಾ ನಂದು." ಮಾರನೇ ದಿನದಿಂದ ಮದುವೆ ದಿಬ್ಬಣದವರೂ ಅವನ ವ್ಯಾನನ್ನೇ ಕೇಳತೊಡಗಿದರು.

೪. ಎತ್ತಿದ ಕಾಲು

ಅಂತೂ ಮೈಸೂರಿನಿಂದ ಹೊಸ ರಬ್ಬರು ಬಂತು. ಹೊಸ ವಸ್ತು ಯಾವುದೇ ಇರಲಿ, ಮೊದಲು ದೇವರ ಮುಂದಿಡುವುದು ನಮ್ಮನೆ ಪದ್ಧತಿ. ಮಂಡಳಿಯ ಶನಿವಾರಕ್ಕೆ ಇನ್ನೂ ಒಂಬತ್ತು ದಿನವಿತ್ತು. ಇಟ್ಟ ರಬ್ಬರಿಗೆ ನನ್ನ ಹೆಂಡತಿ ಒಂಬತ್ತು ದಿನವೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು. ಪಕ್ಕದವನಿಗಿಂತ ನನ್ನ ಗಾಡಿ ಮುಂದಾಗಲಿ ಎಂದು ನಾನೂ ದಿನಾ ಮಂಗಳಾರತಿ ಎತ್ತಿದೆ.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಸೋಪಿನ ನೀರು ಸವರಿ, ಸ್ಕ್ರೂಡ್ರೈವರಿನಿಂದ ಅಂಚು ಎಳೆದು ಅದನ್ನು ಬ್ರೇಕಿಗೆ ಕೂರಿಸಿಕೊಟ್ಟ. ಹನ್ನೆರಡು ಹೆಂಗಸರು ಹತ್ತಿದರು. ಟೀಚರಮ್ಮ ಬಗ್ಗಿ ನೋಡಿ, "ಈಗ ಸರಿ ಕಣ್ರೀ. ಹೊರಡಿ" ಎಂದರು. ನಾನು ಬ್ರೇಕ್ ತುಳಿಯಲು ಕಾಲೆತ್ತಿದೆ. ಕಾಲು ಗಾಳಿಯಲ್ಲೇ ನಿಂತಿತು.

"ಯಾಕ್ರೀ?"

"ಒಂಬತ್ ದಿನ ಕೈಮುಗಿದಿವ್ನಿ ಟೀಚರಮ್ಮ. ತುಳಿಯೋದು ಎಂಗೆ?"

"ಕುಂಕುಮ ಒರೆಸಿ."

ಒರೆಸಿದೆ. ಕುಂಕುಮ ಹೋಯಿತು, ಕಾಲು ಮಾತ್ರ ಇಳಿಯಲಿಲ್ಲ. ಹಿಂದಿನಿಂದ ಯಾರೋ, "ಅಲ್ಲಿ ದೇವಸ್ಥಾನದಲ್ಲಿ ಮಂಗಳಾರತಿನೇ ಆಗೋಯ್ತದೆ" ಎಂದರು. ಗಲಾಟೆ ಕೇಳಿ ಪಕ್ಕದವನು ಬಂದ. ವಿಷಯ ತಿಳಿದು, "ಅದ್ಕೇನಣ್ಣ, ನನ್ ಗಾಡಿ ತಕ್ಕೊಂಡೋಗಿ" ಎಂದು ಕೀ ಚಾಚಿದವನು ಅರ್ಧಕ್ಕೇ ಕೈ ಹಿಂದೆಳೆದ.

"ಅಯ್ಯೋ, ಅದ್ಕೂ ನೀವು ಅಡ್ಡಬಿದ್ದಿದ್ರಲ್ಲಣ್ಣ."

ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಕೊನೆಗೆ ಟೀಚರಮ್ಮನೇ ತೀರ್ಮಾನ ಮಾಡಿದರು. ಅವನು ನನ್ನ ಸೀಟಿಗೆ ಹತ್ತಿದ. ನನ್ನ ಭಕ್ತಿಗೆ ಮರ್ಯಾದೆ ಕೊಟ್ಟು ಬೂಟು ಬಿಚ್ಚಿ, ಪೆಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಆರಾಮವಾಗಿ ತುಳಿದ. ನಾನು ಹಿಂದೆ, ಹೆಂಗಸರು ಕೈಗಿತ್ತ ತಾಳ ಹಿಡಿದು, ನನ್ನ ಹೊಸ ರಬ್ಬರನ್ನು ಅವನು ಒತ್ತಿದಾಗಲೆಲ್ಲ ಒಂದು ಏಟು ಜೋರಾಗಿ ಹಾಕುತ್ತ ಕೂತೆ.

ಸಾಲಿಗ್ರಾಮದಲ್ಲಿ ಇಳಿದ ಮೇಲೆ ಟೀಚರಮ್ಮ ನನ್ನ ಕಡೆ ತಿರುಗಿದರು. "ನಿಮ್ಮ ಗಾಡಿ ಬ್ರೇಕು ಈಗ ಬಹಳ ಚೆನ್ನಾಗಿದೆ ಕಣ್ರೀ. ಇನ್ಮೇಲೆ ಪ್ರತಿ ತಿಂಗಳೂ ಇದೇ ಗಾಡಿ."

ದೇವರು ಕೈಬಿಡಲಿಲ್ಲ ಎಂದು ನನ್ನ ಕಣ್ತುಂಬಿತು.

"ಡ್ರೈವರೂ ಇವರೇ ಇರ್ಲಿ," ಎಂದರು ಅವರು, ಪಕ್ಕದ ವ್ಯಾನಿನವನತ್ತ ಕೈ ತೋರಿಸಿ. "ನೀವು ತಾಳ ಚೆನ್ನಾಗಿ ಹಾಕ್ತೀರ."