ಬಿಡುವಿಲ್ಲದ ಅಪ್ಪ

ಲೆಕ್ಕದ ಪುಸ್ತಕವನ್ನು ಪಕ್ಕದ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಲು ಹೋದದ್ದು ಮೆಕ್ಯಾನಿಕ್ ಮಾಡಿದ ಮೊದಲ ತಪ್ಪು. ಎರಡು ಬೀದಿ ಆಚೆ ಹೋಗಿದ್ದರೆ ಕಾಲು ನೋಯುತ್ತಿತ್ತು, ಅಷ್ಟೆ.

ವಾಷಿಂಗ್ ಮಷೀನ್ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ರಿಪೇರಿ ಮಾಡಿ, ನಾಲ್ಕು ತಿಂಗಳ ಹಿಂದೆ ಆ ಕೆಲಸ ಬಿಟ್ಟು, ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನು ಸ್ವಂತ ಅಂಗಡಿ ಇಟ್ಟಿದ್ದ. ಹೆಂಡತಿಯಿಂದ ಬೇರೆಯಾಗಿ ಎರಡು ವರ್ಷವಾಗಿತ್ತು. ಒಂಬತ್ತು ವರ್ಷದ ಮಗಳು ತಾಯಿಯ ಹತ್ತಿರ ಇದ್ದಳು. ಸಂಬಳ ಬರುತ್ತಿದ್ದಾಗ ಮಗಳ ಖರ್ಚಿಗೆಂದು ತಿಂಗಳಿಗೆ ಆರು ಸಾವಿರವನ್ನು ಕಂಪನಿಯವರೇ ಹಿಡಿದುಕೊಂಡು ಕಳಿಸುತ್ತಿದ್ದರು. ಡಾಕ್ಟರ ಹತ್ತಿರ ಹಲ್ಲು ಕೀಳಿಸಿಕೊಂಡ ಹಾಗೆ, ಒಂದು ಕ್ಷಣದ ನೋವು, ಆಮೇಲೆ ಮರೆವು. ಈಗ ತಿಂಗಳು ತಿಂಗಳೂ ತಾನೇ ಎಣಿಸಿ ಕಟ್ಟಬೇಕು. ತನ್ನ ಹಲ್ಲನ್ನು ತಾನೇ ಇಕ್ಕಳ ಹಾಕಿ ಕಿತ್ತುಕೊಳ್ಳುವ ಕೆಲಸ. ಅಂಗಡಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ವಿಳಾಸ ಕೇಳುವವರು. ಉಳಿದರ್ಧ ಮಳೆ ಬಂದಾಗ ನಿಲ್ಲುವವರು.

ಹೀಗಿರುವಾಗ ಜೀವನಾಂಶದ ಕಚೇರಿಯಿಂದ ಕಾಗದ ಬಂತು. ಮಗಳಿಗೆ ಕೊಡುವ ಮೊತ್ತವನ್ನು ಮತ್ತೆ ಪರಿಶೀಲಿಸುತ್ತೇವೆ, ಆದಾಯದ ಲೆಕ್ಕ ತೆಗೆದುಕೊಂಡು ಇಂಥ ದಿನ ಹನ್ನೊಂದು ಗಂಟೆಗೆ ಬನ್ನಿ ಎಂದಿತ್ತು. ಹೆಚ್ಚು ಕೇಳಿ ಹೆಂಡತಿಯೇ ಅರ್ಜಿ ಹಾಕಿರಬೇಕು ಎಂದುಕೊಂಡ ಮೆಕ್ಯಾನಿಕ್. ಆದರೂ ಒಳಗೊಳಗೇ ಧೈರ್ಯವಿತ್ತು. ತನ್ನ ಲೆಕ್ಕದ ಪುಸ್ತಕ ನೋಡಿದರೆ ಕಲ್ಲೂ ಕರಗುತ್ತಿತ್ತು.

ಜೆರಾಕ್ಸ್ ಅಂಗಡಿಯ ಅಕ್ಕ ಕರಗಲಿಲ್ಲ, ಬೆಚ್ಚಿದಳು. "ಇದನ್ನ ಯಾರಿಗೆ ತೋರಿಸ್ತೀಯೋ ತಮ್ಮಾ?"

ಸಂಸಾರ ಒಡೆದ ಸಂಗತಿಯನ್ನು ಅವನು ಆ ಕಟ್ಟಡದಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟ. "ಸಾಲಕ್ಕೆ ಅಕ್ಕ. ಆಫೀಸಿನವರು ನೋಡಬೇಕಂತೆ."

"ಈ ಲೆಕ್ಕ ನೋಡಿ ಸಾಲ ಕೊಡೋರು ಇನ್ನೂ ಹುಟ್ಟಿಲ್ಲ," ಎಂದು ಅಕ್ಕ ಗೋಡೆ ತಟ್ಟಿ ಪಕ್ಕದ ಟೈಲರನ್ನು ಕರೆದಳು. "ಬನ್ನಿ ಇಲ್ಲಿ. ನಮ್ಮ ಹುಡುಗ ಸಾಲ ಕೇಳೋಕೆ ಹೊರಟಿದಾನೆ, ಹೊರಟಿರೋ ವೇಷ ನೋಡಿ."

ಟೈಲರು ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದು ಮೇಲಿಂದ ಕೆಳಗೆ ನೋಡಿದ. ಮೆಕ್ಯಾನಿಕ್ ಬೇಕೆಂದೇ ತನ್ನ ಅತ್ಯಂತ ಹಳೆಯ ಶರ್ಟು ಹಾಕಿಕೊಂಡಿದ್ದ.

"ಸಾಲ ಕೇಳೋನು ಸಾಲ ಬೇಡದವನ ಹಾಗೆ ಕಾಣಬೇಕಪ್ಪ," ಎಂದ ಟೈಲರು. "ನಡಿ ಒಳಗೆ."

ಬೇಡ ಬೇಡ ಎನ್ನುತ್ತಿದ್ದಂತೆಯೇ ಹಳೇ ಶರ್ಟು ಹೋಗಿ ಯಾರೋ ಗಿರಾಕಿಯ ಹೊಸ ಶರ್ಟು ಬಂತು. ಅದರ ಮೇಲೆ ಬೂದು ಬಣ್ಣದ ಕೋಟು. ಕೋಟಿನ ಯಜಮಾನ ಮೆಕ್ಯಾನಿಕ್‌ನ ಎರಡರಷ್ಟಿದ್ದ. ಟೈಲರು ಬೆನ್ನ ಹಿಂದೆ ಬಟ್ಟೆಯನ್ನು ಮಡಿಸಿ ಮಡಿಸಿ, ಶರ್ಟನ್ನೂ ಸೇರಿಸಿ ಒಂದು ಡಜನ್ ಗುಂಡುಪಿನ್ನು ಚುಚ್ಚಿದ.

"ಸಂಜೆ ಅವರು ಬರ್ತಾರೆ, ಕಲೆ ಮಾಡ್ಕೋಬೇಡ. ಒರಗಿ ಕೂತ್ಕೋಬೇಡ. ಫೋನ್ ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡ."

"ಫೋನ್ ಯಾಕೆ?"

"ನಮಗೆ ಬಿಡು," ಎಂದ ಟೈಲರು. ಜೆರಾಕ್ಸ್ ಅಕ್ಕ ನಕ್ಕಳು. ನಿಜ ಹೇಳಿಬಿಡಲು ಅದು ಸರಿಯಾದ ಹೊತ್ತಾಗಿತ್ತು. ಆದರೆ ನಿಜ ಹೇಳಿದರೆ ಎರಡು ವರ್ಷದ ಕತೆಯನ್ನೂ ಹೇಳಬೇಕು. ಅಷ್ಟು ಶಕ್ತಿ ಅವನಲ್ಲಿರಲಿಲ್ಲ.

ಬಸ್ಸಿನಿಂದಿಳಿದು ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳೋಣವೆಂದು ಒಂದು ಗೋಡೆಯ ಮರೆಯಲ್ಲಿ ನಿಂತು ಹೆಣಗಿದ. ತೋಳು ಎತ್ತಿದರೆ ಬೆನ್ನಿಗೆ ಪಿನ್ನು, ಇಳಿಸಿದರೆ ಪಕ್ಕೆಗೆ ಪಿನ್ನು. ದಾರಿಹೋಕನೊಬ್ಬ ನಿಂತು ನೋಡತೊಡಗಿದ ಮೇಲೆ ಆ ಆಸೆ ಬಿಟ್ಟು, ಮುಳ್ಳುಹಂದಿಯನ್ನು ತಿರುಗಿಸಿ ತೊಟ್ಟವನಂತೆ ಕಚೇರಿಯ ಮೆಟ್ಟಿಲು ಹತ್ತಿದ.

ಬೆಂಚಿನ ಮೇಲೆ ಹೆಂಡತಿ ಇದ್ದಳು. ಪಕ್ಕದಲ್ಲಿ ಮಗಳು.

"ಶಾಲೆಗೆ ರಜೆ. ಮನೇಲಿ ಒಬ್ಬಳನ್ನೇ ಬಿಡೋಕಾಗಲ್ಲ," ಎಂದಳು ಅವಳು. ಆಮೇಲೆ ಕೋಟು ನೋಡಿದಳು. "ಏನ್ರೀ ಇದು?" ಬೇರೆಯಾಗಿ ಎರಡು ವರ್ಷವಾದರೂ 'ರೀ' ಅನ್ನುವುದು ಮಾತ್ರ ಅವಳ ಬಾಯಿಂದ ಹೋಗಿರಲಿಲ್ಲ.

"ಅಪ್ಪ, ಚೆನ್ನಾಗಿದೆ," ಎಂದು ಮಗಳು ತೋಳಿನ ಬಟ್ಟೆ ಮುಟ್ಟಿ ನೋಡಿದಳು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕನ್ನಡಕ ಹಾಕಿದ್ದ ಅಧಿಕಾರಿ ಮೇಡಂ ಫೈಲು ಬಿಡಿಸಿ ಕೂತಿದ್ದರು. ಮೆಕ್ಯಾನಿಕ್ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತ. ಪಕ್ಕದ ಕುರ್ಚಿಯಲ್ಲಿ ಹೆಂಡತಿ, ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಮಗಳು ಕೂತರು.

"ನಿಮ್ಮ ಆದಾಯ ಬದಲಾಗಿದೆ ಅಂತ ನಮಗೆ ಒಂದು ಅರ್ಜಿ ಬಂದಿದೆ," ಎಂದು ಮೇಡಂ ಶುರು ಮಾಡಿದರು. "ಅದರಲ್ಲಿ ಏನು ಕೇಳಿದಾರೆ ಅಂದ್ರೆ..."

ಫೋನು ಬಡಿದುಕೊಂಡಿತು. ಊರಿನವರ ಮಷೀನು ರಿಪೇರಿ ಮಾಡುವ ಅವನ ಫೋನಿಗೇ ರಿಪೇರಿ ಇರಲಿಲ್ಲ. ಎತ್ತಿದರೆ ಸಾಕು, ಲೌಡ್‌ಸ್ಪೀಕರಿನಂತೆ ಕೋಣೆಗೆಲ್ಲ ಕೇಳಿಸುತ್ತಿತ್ತು. ಕತ್ತರಿಸಲು ಹೋಗಿ ಎತ್ತಿಬಿಟ್ಟ.

"ಹಲೋ, ನಾನು ದೊಡ್ಡ ಹೋಟೆಲಿನ ಮ್ಯಾನೇಜರು," ಎಂದಿತು ಟೈಲರನ ಧ್ವನಿ, ಮೂಗಿನಿಂದ. ಹಿಂದೆ ಹೊಲಿಗೆ ಮಷೀನು ಕಟಕಟ ಎನ್ನುತ್ತಿತ್ತು. "ನಮ್ಮ ಹನ್ನೆರಡು ವಾಷಿಂಗ್ ಮಷೀನೂ ನಿಂತುಹೋಗಿವೆ. ದುಡ್ಡು ಎಷ್ಟಾದ್ರೂ ಪರವಾಗಿಲ್ಲ, ನೀವೇ ಬರಬೇಕು."

"ಆಮೇಲೆ ಮಾತಾಡ್ತೀನಿ," ಎಂದು ಮೆಕ್ಯಾನಿಕ್ ಇಟ್ಟ. ಹಣೆ ಒರೆಸಿಕೊಂಡ. ಪಿನ್ನು ಚುಚ್ಚಿತು.

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಬಡಿದುಕೊಂಡಿತು. ಈ ಸಲ ಜೆರಾಕ್ಸ್ ಅಕ್ಕ. "ನಾನು ಹಾಸ್ಟೆಲ್ ವಾರ್ಡನ್. ಇನ್ನೂರು ಹುಡುಗೀರ ಬಟ್ಟೆ ನೆನೆದು ಕೂತಿದೆ ಸಾರ್. ನಿಮ್ಮನ್ನ ಬಿಟ್ರೆ ಗತಿ ಇಲ್ಲ."

ಮೆಕ್ಯಾನಿಕ್ ಫೋನಿನ ಗುಂಡಿಯನ್ನು ಕುತ್ತಿಗೆ ಹಿಸುಕುವಂತೆ ಒತ್ತತೊಡಗಿದ.

"ಆಫ್ ಮಾಡಬೇಡಿ, ಸ್ವಂತ ವ್ಯಾಪಾರ ಅಂದ್ರೆ ಗಿರಾಕಿ ಮುಖ್ಯ," ಎಂದರು ಮೇಡಂ, ಗೌರವದಿಂದ. ಫೈಲಿನಲ್ಲಿದ್ದ ಅರ್ಜಿಯನ್ನೊಮ್ಮೆ, ಕೋಟನ್ನೊಮ್ಮೆ ನೋಡಿ, ಅರ್ಜಿಯನ್ನು ಮಗುಚಿ ಪಕ್ಕಕ್ಕಿಟ್ಟರು. "ಕೆಲಸ ಹೀಗೇ ಇರುತ್ತಾ ನಿಮಗೆ?"

ಈಗ ಹೇಳಿಬಿಡಬೇಕು ಎಂದುಕೊಂಡ ಮೆಕ್ಯಾನಿಕ್. ಕೋಟು ನನ್ನದಲ್ಲ, ಆ ಮ್ಯಾನೇಜರು ಮ್ಯಾನೇಜರಲ್ಲ, ಹೋದ ತಿಂಗಳು ನಾನು ರಿಪೇರಿ ಮಾಡಿದ್ದು ಮೂರೇ ಮೂರು ಮಷೀನು. ಲೆಕ್ಕದ ಪ್ರತಿಗಳು ಕೈಯಲ್ಲೇ ಇದ್ದವು.

"ಮೇಡಂ, ನಿಜ ಹೇಳಬೇಕಂದ್ರೆ..."

"ನಮ್ಮಪ್ಪಂಗೆ ತುಂಬಾ ಕೆಲಸ ಆಂಟಿ," ಎಂದಳು ಸ್ಟೂಲಿನ ಮೇಲಿದ್ದ ಮಗಳು. "ಅದಕ್ಕೇ ಎರಡು ಭಾನುವಾರದಿಂದ ನನ್ನ ನೋಡೋಕೆ ಬರೋಕಾಗಿಲ್ಲ. ನಾನು ಬೇಜಾರು ಮಾಡ್ಕೊಂಡಿಲ್ಲ."

ಆ ಎರಡು ಭಾನುವಾರವೂ ಅವನು ಅಂಗಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದ. ಮಗಳನ್ನು ಹೊರಗೆ ಕರೆದುಕೊಂಡು ಹೋಗಿ ಒಂದು ಐಸ್‌ಕ್ರೀಂ ಕೊಡಿಸಲು ಜೇಬಿನಲ್ಲಿ ದುಡ್ಡಿರಲಿಲ್ಲ. ಕೆಲಸ ಜಾಸ್ತಿ ಮರಿ ಎಂದು ಫೋನಿನಲ್ಲಿ ಹೇಳಿದ್ದ. ಕೆಲಸವೇ ಇಲ್ಲವೆಂದು ಈಗ ಹೇಳಿದರೆ, ಹಾಗಾದರೆ ಯಾಕೆ ಬರಲಿಲ್ಲ ಎಂದು ಅವಳು ಕೇಳುವುದಿಲ್ಲ. ಕೇಳದೆ ಸುಮ್ಮನೆ ನೋಡುತ್ತಾಳೆ.

ಪ್ರತಿಗಳನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿದ.

"ನಿಜ ಹೇಳಬೇಕಂದ್ರೆ, ಬಿಡುವೇ ಇಲ್ಲ ಮೇಡಂ."

"ಸಂತೋಷ. ಹಾಗಾದ್ರೆ ಎಂಟು ಸಾವಿರ ಮಾಡೋಣ್ವಾ? ಆಗಲ್ಲ ಅನ್ನೋದಿದ್ರೆ ಈಗಲೇ ಹೇಳಿ. ಸಹಿ ಆದಮೇಲೆ ಒಂದು ವರ್ಷ ಬದಲಾಯಿಸೋಕೆ ಬರಲ್ಲ."

"ಆಗತ್ತೆ," ಎಂದು ಮೆಕ್ಯಾನಿಕ್ ಸಹಿ ಹಾಕಿದ. ಹೆಂಡತಿ ಏನೋ ಹೇಳಲು ಹೋಗಿ, ಅವನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ತಾನೂ ಸಹಿ ಹಾಕಿದಳು.

ಮೂವರೂ ಬಸ್ ನಿಲ್ದಾಣಕ್ಕೆ ನಡೆದರು. ಮಗಳು ಮುಂದೆ ಮುಂದೆ ಓಡುತ್ತಿದ್ದಳು.

"ವ್ಯಾಪಾರ ಇಷ್ಟು ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ," ಎಂದಳು ಅವಳು. "ಸುಮ್ಮನೆ ಒದ್ದಾಡಿಬಿಟ್ಟೆ."

"ಒದ್ದಾಟ ಯಾಕೆ? ನೀನು ಹೆಚ್ಚು ಕೇಳಿದ್ದೆ, ಸಿಕ್ತಲ್ಲ."

ಅವಳು ನಿಂತುಬಿಟ್ಟಳು. "ಯಾರ್ರೀ ಹೆಚ್ಚು ಕೇಳಿದ್ದು? ನೀವು ಕೆಲಸ ಬಿಟ್ರಿ, ಮಧ್ಯಾಹ್ನ ಊಟಾನೂ ಬಿಟ್ಟಿದೀರಿ ಅಂತ ನಿಮ್ಮ ಹಳೇ ಕಂಪನಿಯವರು ಹೇಳಿದ್ರು. ನನಗೂ ಸಂಬಳ ಜಾಸ್ತಿ ಆಗಿತ್ತು. ಎರಡು ಸಾವಿರಕ್ಕೆ ಇಳಿಸಿ ಅಂತ ಅರ್ಜಿ ಕೊಟ್ಟಿದ್ದೆ. ಮೇಡಂ ಒಪ್ಪಿ ಕಾಗದಾನೂ ರೆಡಿ ಮಾಡಿಟ್ಟಿದ್ರು. ಕಷ್ಟ ಇದೆ ಅಂತ ನೀವು ಒಂದು ಮಾತು ಹೇಳಿದ್ರೆ ಮುಗೀತಿತ್ತು."

ಮೆಕ್ಯಾನಿಕ್ ಕೋಟಿನ ಜೇಬಿನಲ್ಲಿದ್ದ ಲೆಕ್ಕದ ಪ್ರತಿಗಳನ್ನು ಮುಟ್ಟಿ ನೋಡಿಕೊಂಡ. "ಮೊದಲೇ ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಒಪ್ತಿದ್ರಾ?"



ಬಸ್ಸು ಬಂತು. ಮಗಳು ಓಡಿಬಂದು ಅವನ ಕೈ ಹಿಡಿದುಕೊಂಡಳು. "ಅಪ್ಪ, ಈ ಭಾನುವಾರನೂ ಕೆಲಸ ಇದೆಯಾ?"

"ಇಲ್ಲ ಮರಿ. ಏನೂ ಕೆಲಸ ಇಲ್ಲ. ಬರ್ತೀನಿ." ಬೆಳಗಿನಿಂದ ಅವನ ಬಾಯಲ್ಲಿ ಬಂದ ಮೊದಲ ನಿಜ ಅದು.

ಮಗಳು ದೊಡ್ಡವರಂತೆ ಅವನ ಕೈ ತಟ್ಟಿದಳು. "ನನಗೋಸ್ಕರ ಸುಳ್ಳು ಹೇಳಬೇಡ ಅಪ್ಪ. ಅಷ್ಟೊಂದು ಜನ ಕಾಯ್ತಿದಾರೆ. ಮೊದಲು ಅವರದ್ದು ಮುಗಿಸು, ಮುಂದಿನ ತಿಂಗಳು ಬಾ," ಎಂದು ಹೇಳಿ, ತಾಯಿಯ ಹಿಂದೆ ಬಸ್ಸು ಹತ್ತಿದಳು.