ನಮ್ಮ ಸಾವ್ಕಾರರ ನಾಲ್ಕು ಆಫರು

ವ್ಯಾಪಾರ ಕುಂತಾಗಲೇ ವ್ಯಾಪಾರಿಯ ತಲೆ ಎದ್ದು ಓಡಾಡುತ್ತದೆ. ಚಿಕ್ಕೋಡಿಯ ಸೀರೆ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ಬಿಚ್ಚಿ ಮಡಚುತ್ತಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿಗಳಿಗೆ ಕೂಡಲು ಜಾಗ ಇಲ್ಲದಿದ್ದ ಕಾಲದಲ್ಲಿ ನಮ್ಮ ಸಾವ್ಕಾರರಿಗೆ ಒಂದು ಐಡಿಯಾವೂ ಹೊಳೆದದ್ದಿಲ್ಲ. ಈಗ ಅರ್ಧ ಊರು ಮೊಬೈಲಿನಲ್ಲಿ ಸೀರೆ ತರಿಸುತ್ತದೆ, ಉಳಿದರ್ಧ ಗಡಿ ದಾಟಿ ಇಚಲಕರಂಜಿಗೆ ಹೋಗುತ್ತದೆ. ನಮ್ಮ ಪಾಲಿಗೆ ಉಳಿದದ್ದು ನೊಣ ಮತ್ತು ಐಡಿಯಾ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸಾವ್ಕಾರರು ನನ್ನನ್ನು ಹತ್ತಿರ ಕರೆದು, "ಈ ಮದವಿ ಸೀಜನ್ನೂ ಹಿಂಗ ಹ್ವಾದ್ರ ಬಾಗಿಲಾ ಹಾಕೂದ ನೋಡ್ಪಾ" ಎಂದರು. ನನಗೆ ಐವತ್ತೊಂದು. ಈ ವಯಸ್ಸಿನವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಹೆಂಡತಿಗೆ ಹೇಳುವ ಧೈರ್ಯ ಸಾಲಲಿಲ್ಲ. ಆಫರುಗಳು ಶುರುವಾದದ್ದು ಆಮೇಲೆ.

೧. ಒಂದೇ ದರ

ಸಾವ್ಕಾರರು ಬೆಳಗಾವಿಯಲ್ಲಿ ವ್ಯಾಪಾರ ಹೆಚ್ಚಿಸುವ ಬಗ್ಗೆ ಒಂದು ಭಾಷಣ ಕೇಳಿ ಬಂದರು. ಗಿರಾಕಿಗಳಿಗೆ ಚೌಕಾಸಿ ಎಂದರೆ ಬೇಜಾರು ಎಂದು ಕೋಟು ಹಾಕಿದವನೊಬ್ಬ ಅಲ್ಲಿ ಹೇಳಿದ್ದನಂತೆ. ಆ ಮನುಷ್ಯ ನಮ್ಮ ಕಡೆಯ ಸಂತೆ ನೋಡಿರಲಿಕ್ಕಿಲ್ಲ. ಮರುದಿನವೇ ಅಂಗಡಿಯಲ್ಲಿ "ಒಂದೇ ದರ" ಎಂಬ ಬೋರ್ಡು ಬಿತ್ತು.

ಅಕ್ಕೋಳದಿಂದ ಒಬ್ಬ ಅಜ್ಜಿ ಬಂದಳು. ಒಂದು ಸೀರೆ ಹಿಡಿದು, "ಇದಕ ಎಷ್ಟಪಾ?" ಎಂದಳು.

"ಆರನೂರಾ ಐವತ್ತು ಆಯಿ. ಒಂದ ರೇಟು. ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ."

ಸೀರೆ ಮನಸ್ಸಿಗೆ ಬಂದಿತ್ತು, ಸೊಂಟದ ಚೀಲದಲ್ಲಿ ರೊಕ್ಕವೂ ಇತ್ತು. ಆದರೂ ಅಜ್ಜಿಯ ಮುಖ ಸಪ್ಪಗಾಯಿತು. "ಅಲ್ಲೋ ತಮ್ಮಾ, ಊರಾಗ ಎಷ್ಟ ಬಿಡಿಸಿದಿ ಅಂತ ಕೇಳ್ತಾರ. ಏನಂತ ಹೇಳ್ಲಿ? ಹೇಳಿದಷ್ಟು ಕೊಟ್ಟ ಬಂದ್ನಿ ಅಂದ್ರ ಮುದುಕಿಗೆ ಅರವು ಮರವು ಅಂತಾರ."

ದಾರಿಯನ್ನೂ ಅಜ್ಜಿಯೇ ಹೇಳಿದಳು. "ಹಿಂಗ ಮಾಡು. ನೀ ಒಂಬತ್ತನೂರು ಅನ್ನು, ನಾ ನಾಕನೂರು ಅಂತೀನಿ. ಕಡೀಕ ನಿನ್ನ ಆರನೂರಾ ಐವತ್ತಕ್ಕ ಬಂದ ನಿಲ್ತೀನಿ."

ಸಾವ್ಕಾರರು ತಲೆಯಾಡಿಸಿದರು. ನಾನು ಒಂಬತ್ತುನೂರು ಎಂದೆ. "ಒಂಬತ್ತನೂರಾ? ಬಂಗಾರದ ಎಳಿ ಹಾಕೀರೇನು?" ಎಂದು ಅಜ್ಜಿ ಒದರಿದಳು. ಎರಡು ಸಲ ಎದ್ದು ಬಾಗಿಲವರೆಗೆ ಹೋದಳು, ಎರಡೂ ಸಲ ನಾನು ಕರೆದು ತಂದೆ. ಆರುನೂರ ಐವತ್ತಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಬೆವರು ಬಂದಿತ್ತು. ನಾನು ಸೀರೆ ಕಟ್ಟಲು ಹೋದೆ.

"ಖರೆ ತಮ್ಮಾ," ಎಂದಳು ಅಜ್ಜಿ, "ಇಷ್ಟೊತ್ತು ಗುದ್ಯಾಡೇನಿ. ಕಡೀ ಐವತ್ತು ಬಿಡು."

ಬಿಟ್ಟೆವು.

೨. ಅರ್ಧ ದರ

ಮುಂದಿನದು ಬಸ್‌ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸು: "ಎಲ್ಲವೂ ಅರ್ಧ ದರಕ್ಕೆ!" ಜನ ಬಂದರು, ಆದರೆ ಸೀರೆ ಕೊಳ್ಳಲು ಅಲ್ಲ. ಪಕ್ಕದ ಕಿರಾಣಿಯವರು ಚಹಾ ತಂದುಕೊಟ್ಟು, "ಧೈರ್ಯಾ ಬಿಡಬ್ಯಾಡ್ರಿ, ಆಗೂದೆಲ್ಲಾ ಒಳ್ಳೇದಕ್ಕ" ಎಂದು ಸಾವ್ಕಾರರ ಬೆನ್ನು ಸವರಿದರು. ರಾಯಬಾಗದ ಗಂಡಹೆಂಡತಿ ಗಾಜಿನ ಕಪಾಟು ತಟ್ಟಿ ನೋಡಿ, ಇದನ್ನು ಎಷ್ಟಕ್ಕೆ ಕೊಡುತ್ತೀರಿ ಎಂದರು. ಕುರಿ ಕಾಯುವ ಹಿರಿಯನೊಬ್ಬ ರುಮಾಲನ್ನು ಮೂರು ಸಲ ಬೆಳಕಿಗೆ ಹಿಡಿದು, "ಎಲ್ಲಿ ಹರದೈತಿ ತೋರಿಸ್ಬಿಡ್ರಿ, ತಗೋತೀನಿ" ಎಂದ. ಹರಿದಿಲ್ಲ ಎಂದು ಆಣೆ ಮಾಡಿದೆವು. "ಹರದಿಲ್ಲಂದ್ರ ಅರ್ಧಾಕ್ಕ ಯಾರ ಕೊಡ್ತಾರ್ರಿ?" ಎಂದು ಇಟ್ಟು ಹೋದ.

ಸಂಜೆ ನನಗೊಂದು ಫೋನು. ನಿಪ್ಪಾಣಿಯ ಒಬ್ಬ ಬಟ್ಟೆ ವ್ಯಾಪಾರಿ. "ನಿಮ್ಮ ಅಂಗಡಿ ಮುಚ್ಚತೈತಂತ ಕೇಳಿದ್ವಿ. ನಿಮ್ಮಂಥಾ ಅನುಭವಸ್ಥರು ಬೇಕ್ರಿ ನಮಗ. ಬರ್ತೀರೇನು?"

ನನ್ನ ಕಣ್ಣು ಒದ್ದೆಯಾಯಿತು. ಪಗಾರ ಎಷ್ಟು ಎಂದು ಮೆಲ್ಲಗೆ ಕೇಳಿದೆ.

"ಈಗ ಬರೂದ್ರಾಗ ಅರ್ಧಾ," ಎಂದ. "ಎಲ್ಲಾ ಅರ್ಧಾ ದರ ಅಂತ ನೀವ ಫ್ಲೆಕ್ಸ್ ಹಾಕೀರಲ್ರಿ."

೩. ವೈನಿಯ ಫೋಟೋ

ಮೂರನೆಯದು ಖರ್ಚಿಲ್ಲದ ಆಫರು. ಸಾವ್ಕಾರರ ಹೆಂಡತಿಗೆ ನಾವೆಲ್ಲ ವೈನಿ ಎನ್ನುತ್ತೇವೆ. ವೈನಿಗೆ ಹೊಸ ಸೀರೆ ಉಡಿಸಿ, ಫೋಟೋ ಹೊಡೆದು, ವಾಟ್ಸಾಪಿನಲ್ಲಿ ಸ್ಟೇಟಸ್ ಇಡುವುದೆಂದು ಠರಾವಾಯಿತು. ವೈನಿ ಹುಟ್ಟಾ ನಗುಮುಖದವರು. ಸಾವ್ಕಾರರು ಮಾತ್ರ, "ನಗಬ್ಯಾಡ. ದೊಡ್ಡ ಕಂಪನಿ ಫೋಟೋದಾಗ ಯಾರೂ ನಗೂದಿಲ್ಲ. ಎಲ್ಲೋ ದೂರ ನೋಡು" ಎಂದು ಗದರಿದರು. ಪಾಪ, ವೈನಿ ಹಸಿರು ಪೈಠಣಿ ಉಟ್ಟು, ಬಾಗಿಲ ಚೌಕಟ್ಟು ಹಿಡಿದು, ನೀರಿನ ಟಾಕಿಯನ್ನು ನೋಡುತ್ತ ನಿಂತರು.

ಹತ್ತು ಗಂಟೆಗೆಲ್ಲ ಫೋನುಗಳು ಶುರುವಾದವು. ನಾನು ಪೆನ್ನು ಹಿಡಿದು ಕುಳಿತೆ. ಮೊದಲನೆಯವರು, "ವೈನಿಗೆ ಆರಾಮ ಇಲ್ಲೇನ್ರಿ?" ಎಂದರು. ಎರಡನೆಯವರು, "ಶುಗರ್ ಚೆಕ್ ಮಾಡಸ್ರಿ" ಎಂದರು. ಮೂರನೆಯವರು ದನಿ ತಗ್ಗಿಸಿ, "ಮನ್ಯಾಗ ಏನರ ಮಾತಿಗೆ ಮಾತು ಆತೇನು?" ಎಂದು ಕೇಳಿದರು. ಸೀರೆಯ ಬಣ್ಣ ಹಸಿರೋ ಕೆಂಪೋ, ಒಬ್ಬರೂ ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅಥಣಿಯಿಂದ ವೈನಿಯ ತಮ್ಮ ಬಂದಿಳಿದ, ಜೊತೆಗೆ ಇಬ್ಬರು ಹಿರಿಯರು. "ಮಾಮಾ, ನಮ್ಮಕ್ಕಗ ಏನಂದ್ರಿ? ಅಕಿ ಮಾರಿ ನೋಡೇ ಬಂದೀವಿ" ಎಂದ. ಸಮಾಧಾನ ಮಾಡಲು ಸಂಜೆಯಾಯಿತು. ಬೀಗರನ್ನು ಬರಿಗೈಲೆ ಕಳಿಸಲಿಕ್ಕೆ ಆಗುತ್ತದೆಯೇ? ಮೂವರಿಗೂ ಅಂಗಿ ಬಟ್ಟೆ ಆಯೇರು ಮಾಡಿ ಕಳಿಸಿದರು. ಅವತ್ತು ನಮ್ಮ ಅಂಗಡಿಯಿಂದ ಹೊರಬಿದ್ದ ಬಟ್ಟೆ ಅಷ್ಟೇ.

೪. ಬಸ್ತಾದ ಊಟ

ಹೋಗುವಾಗ ಆ ಹಿರಿಯರು ವೈನಿಯ ಅಡುಗೆಯನ್ನು ಬಾಯಿತುಂಬ ಹೊಗಳಿದರು. ಸಾವ್ಕಾರರ ಕಿವಿ ನೆಟ್ಟಗಾದದ್ದನ್ನು ನಾನು ನೋಡಿದೆ. ಮರುದಿನವೇ ಹೊಸ ಫ್ಲೆಕ್ಸು: "ಬಸ್ತಾಕ್ಕೆ ಬಂದವರಿಗೆ ಊಟ ಉಚಿತ." ಮದುವೆಯ ಬಟ್ಟೆಯನ್ನೆಲ್ಲ ಒಂದೇ ಅಂಗಡಿಯಲ್ಲಿ, ಬಳಗ ಸಮೇತ ಹೋಗಿ ಕೊಳ್ಳುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಒಂದು ಒಳ್ಳೆಯ ಬಸ್ತಾ ಸಿಕ್ಕರೆ ಅಂಗಡಿಗೆ ಎರಡು ತಿಂಗಳ ಉಸಿರು.

ಸೀಜನ್ನಿನ ಮೊದಲ ಬಸ್ತಾ ಐನಾಪುರದಿಂದ ಬಂತು, ಒಂದು ಟೆಂಪೋ ತುಂಬ ಜನ. ರೊಕ್ಕದ ಚೀಲ ಮದುಮಗಳ ದೊಡ್ಡಪ್ಪನ ಕೈಯಲ್ಲಿ. ಮೀಸೆಯ ಮನುಷ್ಯ, ಮಾತು ಕಡಿಮೆ. ಅವರ ಹೆಂಡತಿ, ಮದುಮಗಳ ದೊಡ್ಡವ್ವ, ವೈನಿಯ ಹತ್ತಿರ ಹೇಳಿದರು: "ಎರಡ ಅಂಗಡಿ ಆದುವ್ವಾ. ಹೆಣ್ಮಕ್ಕಳು ನಾಕ ಸೀರಿ ಬಿಚ್ಚಸೂದ್ರಾಗ ಇವ್ರು 'ಏಳ್ರಿ' ಅಂತಾರ. ಎಲ್ಲಾರೂ ಏಳೂದ." ಅದನ್ನು ಕೇಳಿದ್ದೇ ಸಾವ್ಕಾರರು ಎಲ್ಲರನ್ನೂ ಅಂಗಡಿಯ ಮೇಲಿನ ತಮ್ಮ ಮನೆಗೆ ಕರೆದೊಯ್ದರು.

ಮೊದಲು ಊಟ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕಡೆಗೆ ತುಪ್ಪ ಸುರಿದ ಗೋಧಿ ಹುಗ್ಗಿ. ನಸುಕಿನಲ್ಲೇ ಎದ್ದು ದನ ಹಿಂಡಿ ಬಂದ ಗಂಡಸರು ಮೂರು ಮೂರು ಸಲ ಹಾಕಿಸಿಕೊಂಡರು. ಕೆಳಗಿಳಿದು ಬಂದು ಗಾದಿಯ ಮೇಲೆ ಕುಳಿತರು, ಲೋಡಿಗೆ ಒರಗಿದರು. ಹತ್ತು ನಿಮಿಷದಲ್ಲಿ ದೊಡ್ಡಪ್ಪನಿಂದ ಹಿಡಿದು ಟೆಂಪೋ ಡ್ರೈವರನವರೆಗೆ ಎಲ್ಲರೂ ಸಾಲಾಗಿ ಗೊರಕೆ.

"ಮುಗೀತಪಾ," ಎಂದು ಸಾವ್ಕಾರರು ನನ್ನ ಕಿವಿಯಲ್ಲಿ ಅಂದರು. "ಸೀರಿ ಹಾಸಾಕ ಗಾದಿನೂ ಇಲ್ಲ. ಹುಗ್ಗಿನೂ ಹೋತು." ಎಬ್ಬಿಸೋಣ ಎಂದು ಮುಂದೆ ಹೋದೆ. ದೊಡ್ಡವ್ವ ತುಟಿಯ ಮೇಲೆ ಬೆರಳಿಟ್ಟರು.

"ಎಬ್ಬಸಬ್ಯಾಡ್ರಿ. ಫ್ಯಾನ್ ಇನ್ನೀಟ ಜೋರ್ ಮಾಡ್ರಿ."

ಇಪ್ಪತ್ತೆರಡು ವರ್ಷದಲ್ಲಿ ಹೆಣ್ಣುಮಕ್ಕಳು ಪಿಸುಮಾತಿನಲ್ಲಿ ಸೀರೆ ಆರಿಸಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ನೆಲದ ಮೇಲೆ ಜಮಖಾನೆ ಹಾಸಿಕೊಂಡು, ಒಂದೊಂದನ್ನೂ ಮುಟ್ಟಿ, ಮೈಮೇಲೆ ಹಿಡಿದು, ಅವಸರವಿಲ್ಲದೆ ನೋಡಿದರು. ಬಂದಾಗಿನಿಂದ ಬಾಯಿ ಬಿಡದ ಮದುಮಗಳು ತಾನೇ ಕೈಚಾಚಿ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ಎಳೆದುಕೊಂಡಳು. ಹಾಗಂತ ದೊಡ್ಡವ್ವ ಗಂಡನನ್ನು ಕೇಳದೆ ಏನೂ ಮಾಡಲಿಲ್ಲ. ದುಬಾರಿ ಸೀರೆ ಬಂದಾಗಲೆಲ್ಲ ಹೋಗಿ ಕಿವಿಯ ಹತ್ತಿರ ಬಗ್ಗಿ, "ರೀ, ಇದ ತಗೊಳ್ಳೂನೇನ್ರಿ?" ಎನ್ನುವರು. ಗೊರಕೆಯ ನಡುವೆ "ಹೂಂ" ಎಂದು ಬರುವುದು. "ಕೇಳಿದ್ರಿಲ್ಲ?" ಎಂದು ಇತ್ತ ತಿರುಗಿದರೆ ಹೆಂಗಸರೆಲ್ಲ ಸಾಕ್ಷಿ.

ನಾಲ್ಕು ಗಂಟೆಗೆ ದೊಡ್ಡಪ್ಪ ಎದ್ದು ಮೀಸೆ ಒರೆಸಿಕೊಂಡು, "ಹಾಂ, ಇನ್ನ ತೋರ್ಸಾಕ ಸುರು ಮಾಡ್ರಿ" ಎಂದರು. ಬಾಗಿಲ ಹತ್ತಿರ ಹನ್ನೆರಡು ಗಂಟು ಕಟ್ಟಿ ಇಟ್ಟಿದ್ದೆವು. ಅವರು ಗಂಟು ನೋಡಿದರು, ಬಿಲ್ಲು ನೋಡಿದರು.

"ಯಾರ ಹೂಂ ಅಂದಾವ್ರು?"

"ನೀವ!" ಎಂದು ಹೆಂಗಸರೆಲ್ಲ ಒಂದೇ ಉಸಿರಿಗೆ ಎಂದರು.

ಸಾವ್ಕಾರರು ನನ್ನ ತೋಳು ಹಿಡಿದುಕೊಂಡರು. "ಏಳ್ರಿ" ಎಂದರೆ ಅಂಗಡಿಯ ಕಥೆ ಅಲ್ಲಿಗೆ ಮುಗಿದಂತೆ. ದೊಡ್ಡಪ್ಪ ಬೇರೆ ಗಂಡಸರ ಕಡೆ ನೋಡಿದರು, ಅವರೆಲ್ಲ ಎಚ್ಚರಾಗಿಯೂ ಕಣ್ಣು ಮುಚ್ಚಿಕೊಂಡಿದ್ದರು. ಮದುಮಗಳು ಕನ್ನಡಿಯ ಮುಂದೆ ಬದನೆಕಾಯಿ ಬಣ್ಣದ ಸೆರಗು ಹೊದ್ದು ನಿಂತಿದ್ದಳು. ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನಿದ್ದ್ಯಾಗ ಅಂದ್ರೂ ಮಾತು ಮಾತ" ಎಂದು ಚೀಲ ಬಿಚ್ಚಿದರು. ನಾನು ಮೂಲೆಗೆ ಹೋಗಿ ಕಣ್ಣೊರೆಸಿಕೊಂಡೆ, ಅದರಲ್ಲೇನು ನಾಚಿಕೆ.

ಬಾಗಿಲು ಹಾಕುವ ಮಾತು ಆಮೇಲೆ ಬರಲಿಲ್ಲ. ಆ ಸೀಜನ್ನಿನಲ್ಲಿ ಹಾರೂಗೇರಿ, ಕಾಗವಾಡದಿಂದಲೂ ಬಸ್ತಾ ಬಂದವು. ಎಲ್ಲದರಲ್ಲೂ ಹೆಣ್ಣುಮಕ್ಕಳೇ ಗಂಡಸರ ಎಲೆಯ ಮುಂದೆ ಕುಳಿತು ಹುಗ್ಗಿ ಹಾಕಿಸುತ್ತಿದ್ದರು.

ಆ ಮೊದಲ ಬಸ್ತಾದ ದಿನ ಟೆಂಪೋ ಹತ್ತುವ ಮುಂಚೆ ದೊಡ್ಡಪ್ಪ ಸಾವ್ಕಾರರಿಗೆ, "ಬರೂ ವರ್ಷ ಸಣ್ಣಾಕಿ ಮದವಿ ಐತಿ. ಬಸ್ತಾ ನಿಮ್ಮಲ್ಲೇ. ಆದ್ರ ಒಂದ ಕರಾರು, ನನಗ ಊಟಾ ಹಾಕಬಾರ್ದು" ಎಂದರು. ಸಾವ್ಕಾರರು ಕೈಮುಗಿದು ಒಪ್ಪಿದರು.

ದೊಡ್ಡವ್ವ ಎಲ್ಲರಿಗಿಂತ ಹಿಂದೆ ಉಳಿದು ವೈನಿಯ ಕೈ ಹಿಡಿದುಕೊಂಡರು.

"ಅವ್ರ ಮಾತ ಮನಸಿಗೆ ಹಚ್ಚಿಕೋಬ್ಯಾಡ್ವಾ. ಅವತ್ತ ಹೋಳಿಗಿ ಮಾಡು. ಹೋಳಿಗಿ ಉಂಡ್ರ ಇವ್ರು ಇನ್ನೂ ಎರಡ ತಾಸು ಹೆಚ್ಚ ಮಲಗ್ತಾರ."